ಕೂಟಶಾಸನ, ಕೂಟಪತ್ರಿಕೆ ಮತ್ತು ಕನ್ನಡ ಸಂಶೋಧನೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025ರ ಫೆಬ್ರವರಿಯಲ್ಲಿ ಪ್ರಕಟಣೆಯೊಂದನ್ನು ಹೊರಡಿಸಿ, ಸಂಶೋಧನಾ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟಿತು. ಪತ್ರಿಕೆಗಳನ್ನು ಆಯ್ದುಕೊಳ್ಳುವ ಹೊಣೆ ಇನ್ನು ಸಂಶೋಧಕರದು ಮತ್ತು ಅವರ ಸಂಸ್ಥೆಗಳದು ಎಂದು ಹೇಳಿ, ಆಯ್ಕೆಗೆ ನೆರವಾಗುವ ಕೆಲವು ಮಾನದಂಡಗಳನ್ನು ಸಲಹೆಯ ರೂಪದಲ್ಲಿ ಮುಂದಿಟ್ಟಿತು. ಅಂದಿನಿಂದ ಕನ್ನಡ ವಿಭಾಗಗಳಲ್ಲಿ ಕೇಳಿಬರುತ್ತಿರುವ ಪ್ರಶ್ನೆ ಒಂದೇ: ಹಾಗಾದರೆ ಇನ್ನು ಯಾವ ಪಟ್ಟಿ? ದೆಹಲಿಯ ಪಟ್ಟಿ ಹೋದರೆ ವಿಶ್ವವಿದ್ಯಾಲಯದ ಪಟ್ಟಿ ಬರಲಿ, ಅದೂ ಇಲ್ಲವಾದರೆ ಮಾರ್ಗದರ್ಶಕರು ಒಂದು ಪಟ್ಟಿ ಕೊಡಲಿ ಎಂಬ ನಿರೀಕ್ಷೆ ಎಲ್ಲೆಡೆ ಕಾಣುತ್ತದೆ.

ಈ ಪ್ರಶ್ನೆಯೇ ತಪ್ಪು. ಗ್ರಂಥಸಂಪಾದನೆಯನ್ನು ಓದಿದ ಯಾವ ವಿದ್ಯಾರ್ಥಿಯೂ ‘ಒಳ್ಳೆಯ ಓಲೆಪ್ರತಿಗಳ ಸರ್ಕಾರಿ ಪಟ್ಟಿ ಎಲ್ಲಿದೆ?’ ಎಂದು ಕೇಳುವುದಿಲ್ಲ. ಪ್ರತಿ ಯಾರದು, ಯಾವ ಕಾಲದ್ದು, ಯಾವ ಮಾತೃಕೆಯಿಂದ ಇಳಿದುಬಂದದ್ದು, ಪುಷ್ಪಿಕೆ ಏನು ಹೇಳುತ್ತದೆ, ಪಾಠ ಎಲ್ಲಿ ಕೆಟ್ಟಿದೆ ಎಂದು ತಾನೇ ನೋಡುತ್ತಾನೆ. ಡಿ.ಎಲ್. ನರಸಿಂಹಾಚಾರ್ಯರಿಂದ ಈ ವಿದ್ಯೆಯನ್ನು ಕಲಿತ ಪರಂಪರೆಯೊಂದು ತನ್ನ ಲೇಖನವನ್ನು ಪ್ರಕಟಿಸುವ ಹೊತ್ತಿಗೆ ಮಾತ್ರ ಆ ವಿವೇಕವನ್ನೆಲ್ಲ ಬದಿಗಿಟ್ಟು ಕಚೇರಿಯ ಮುದ್ರೆಗಾಗಿ ಕೈಚಾಚುವುದು ವಿಷಾದದ ಸಂಗತಿ.

ಪಟ್ಟಿಗಳು ಏನು ಮಾಡಿದವೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಪಿಎಚ್.ಡಿ. ಪ್ರಬಂಧವನ್ನು ಸಲ್ಲಿಸುವ ಮೊದಲು ಪರಿಶೀಲಿತ ಪತ್ರಿಕೆಯಲ್ಲಿ ಒಂದು ಲೇಖನವಾದರೂ ಪ್ರಕಟವಾಗಿರಬೇಕೆಂದು 2009ರ ನಿಯಮಾವಳಿ ವಿಧಿಸಿತು. 2010ರ ನಿಯಮಾವಳಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗಳಿಗೆ ಎಪಿಐ ಎಂಬ ಅಂಕವ್ಯವಸ್ಥೆಯನ್ನು ತಂದಿತು. ಲೇಖನಕ್ಕೆ ಅಂಕ ನಿಗದಿಯಾದೊಡನೆ ಅಂಕಕ್ಕಾಗಿ ಲೇಖನಗಳು ಹುಟ್ಟಿದವು. ಲೇಖನಗಳಿಗಾಗಿ ಪತ್ರಿಕೆಗಳು ಹುಟ್ಟಿದವು. 2017ರ ಜನವರಿಯಲ್ಲಿ ಆಯೋಗವು ಅಂಗೀಕೃತ ಪತ್ರಿಕೆಗಳ ಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿದ ಸಾವಿರಾರು ಪತ್ರಿಕೆಗಳಿದ್ದವು. ಪುಣೆಯ ಭೂಷಣ್ ಪಟವರ್ಧನ್ ಮತ್ತು ಅವರ ಸಂಗಡಿಗರು ಆ ಶಿಫಾರಸಿನ ಪತ್ರಿಕೆಗಳಲ್ಲಿ ಕೆಲವನ್ನು ಆಯ್ದು ಪರೀಕ್ಷಿಸಿದರು. ಹಾಗೆ ಪರೀಕ್ಷಿಸಿದವುಗಳಲ್ಲಿ ಶೇ. 88ರಷ್ಟು ಕಳಪೆಯಾಗಿರಬಹುದೆಂದು 2018ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಆಯೋಗವು 4,305 ಪತ್ರಿಕೆಗಳನ್ನು ಒಮ್ಮೆಗೇ ಕಿತ್ತುಹಾಕಿತು. ನವೆಂಬರಿನಲ್ಲಿ ‘ಕೇರ್’ ಘೋಷಣೆಯಾಯಿತು, 2019ರಲ್ಲಿ ಆ ಪಟ್ಟಿ ಬಂದಿತು. ಪಟ್ಟಿಯಲ್ಲಿದ್ದ ಸಾಚಾ ಪತ್ರಿಕೆಗಳ ಹೆಸರಿನಲ್ಲೇ ನಕಲಿ ಜಾಲತಾಣಗಳು ತಲೆಯೆತ್ತಿದವು. ಅವುಗಳ ಬಗ್ಗೆ ಎಚ್ಚರಿಸಲು ಮತ್ತೊಂದು ಪಟ್ಟಿ ಬೇಕಾಯಿತು. ಈಗ ಎಲ್ಲವೂ ರದ್ದಾಗಿದೆ.

ಪಟ್ಟಿ ಬಂದಾಗ ಅದನ್ನು ಸೇರುವ ವಿದ್ಯೆ ಬೆಳೆಯುತ್ತದೆ. ಹೋದಾಗ ಅದನ್ನು ನಂಬಿದವರು ಅನಾಥರಾಗುತ್ತಾರೆ. 2017ರಲ್ಲಿ ‘ಅಂಗೀಕೃತ’ವೆನಿಸಿದ ಲೇಖನ 2018ರಲ್ಲಿ ಅಳಿಸಿಹೋದ ಪತ್ರಿಕೆಯ ಲೇಖನವಾಯಿತು. ಲೇಖನದ ಒಳಗೆ ಒಂದಕ್ಷರವೂ ಬದಲಾಗಿರಲಿಲ್ಲ. ಆ ಲೇಖನದ ಯೋಗ್ಯತೆಯನ್ನು ಪಟ್ಟಿ ಎಂದೂ ಅಳೆದಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಕೂಟಪತ್ರಿಕೆಗಳ ವ್ಯಾಪಾರ ಚಿಕ್ಕದಲ್ಲ. ಶೆನ್ ಮತ್ತು ಬ್ಯೋರ್ಕ್ ಎಂಬ ಸಂಶೋಧಕರು 2015ರಲ್ಲಿ ಮಂಡಿಸಿದ ಅಂದಾಜಿನಂತೆ, ಇಂಥ ಪತ್ರಿಕೆಗಳಲ್ಲಿ 2010ರಲ್ಲಿ ಸುಮಾರು 53,000 ಲೇಖನಗಳು ಪ್ರಕಟವಾಗಿದ್ದರೆ 2014ರಲ್ಲಿ ಆ ಸಂಖ್ಯೆ 4,20,000ಕ್ಕೆ ಏರಿತ್ತು. ಪ್ರಕಾಶಕರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚಿನವರು ಭಾರತದವರು. ಹೈದರಾಬಾದಿನ ಓಮಿಕ್ಸ್ ಸಂಸ್ಥೆಯ ಮೇಲೆ ಅಮೆರಿಕದ ನ್ಯಾಯಾಲಯವೊಂದು 2019ರಲ್ಲಿ 5 ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ವಿಧಿಸಿತು. ಪರಿಶೀಲನೆ, ಸಂಪಾದಕ ಮಂಡಳಿ ಮತ್ತು ಶುಲ್ಕಗಳ ವಿಷಯದಲ್ಲಿ ಲೇಖಕರನ್ನು ವಂಚಿಸಿದುದು ಅದರ ಮೇಲಿನ ಆರೋಪವಾಗಿತ್ತು. ವಿಜ್ಞಾನದ ಪತ್ರಿಕೆಗಳ ಈ ಸುದ್ದಿಗೂ ಕನ್ನಡಕ್ಕೂ ಸಂಬಂಧವಿಲ್ಲವೆಂದು ಭಾವಿಸುವವರು ತಮ್ಮ ಸುತ್ತ ನೋಡಬೇಕು. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್‌ಗಳ ಬಾಡಿಗೆ ಕೋಣೆಗಳಲ್ಲಿ ಕುಳಿತು ಪ್ರಬಂಧ ಬರೆಯುತ್ತಿರುವ ಸಂಶೋಧನಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುವ ಆಹ್ವಾನಗಳ ಒಕ್ಕಣೆ ಎಲ್ಲರಿಗೂ ಪರಿಚಿತ: ಅಂತಾರಾಷ್ಟ್ರೀಯ, ಬಹುಶಿಸ್ತೀಯ, ಬಹುಭಾಷಿಕ ಪತ್ರಿಕೆ, ಎಲ್ಲ ವಿಷಯಗಳಿಗೂ ಸ್ವಾಗತ, ಒಂದು ವಾರದಲ್ಲಿ ಪ್ರಕಟಣೆ, ಹಣ ಪಾವತಿಸಿದೊಡನೆ ಪ್ರಮಾಣಪತ್ರ. ಅದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಕೀಟನಾಶಕ, ಷೇರು ಮಾರುಕಟ್ಟೆ, ಹರಿಹರನ ರಗಳೆ, ದೈಹಿಕ ಶಿಕ್ಷಣ ಎಲ್ಲವೂ ಸಮಾನ ಗೌರವದಿಂದ ಕೂತಿರುತ್ತವೆ.

ಕನ್ನಡ ಸಂಶೋಧಕ ಇಲ್ಲಿ ಒಂದೇ ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು: ಈ ಪತ್ರಿಕೆಯಲ್ಲಿ ಕನ್ನಡ ಓದಬಲ್ಲವರು ಯಾರು? ಹಳಗನ್ನಡದ ಕಂದಪದ್ಯವೊಂದರ ಪಾಠವನ್ನು ಚರ್ಚಿಸುವ ಲೇಖನವನ್ನು ಪರಿಶೀಲಿಸುವವನಿಗೆ ಹಳಗನ್ನಡ ಬರಬೇಕು, ಛಂದಸ್ಸು ಗೊತ್ತಿರಬೇಕು, ಮುದ್ರಿತ ಪರಿಷ್ಕರಣಗಳ ಪರಿಚಯವಿರಬೇಕು. ಶಾಸನವೊಂದರ ಕಾಲನಿರ್ಣಯವನ್ನು ಒಪ್ಪುವವನಿಗೂ ನಿರಾಕರಿಸುವವನಿಗೂ ಲಿಪಿಯ ತಿಳಿವಳಿಕೆ ಬೇಕು. ಸಂಪಾದಕ ಮಂಡಳಿಯಲ್ಲಿ ಅಂಥವರೊಬ್ಬರೂ ಇಲ್ಲದ ಪತ್ರಿಕೆ ಕನ್ನಡ ಲೇಖನವನ್ನು ತಿರಸ್ಕರಿಸಲಾರದು. ತಿರಸ್ಕರಿಸಲಾರದ ಪತ್ರಿಕೆ ಅದನ್ನು ಸ್ವೀಕರಿಸಿತು ಎಂಬ ಮಾತಿಗೂ ಅರ್ಥವಿಲ್ಲ. ಅದು ಸ್ವೀಕರಿಸಿದ್ದು ಹಣವನ್ನು ಮಾತ್ರ.

ಕರ್ನಾಟಕದ ಇತಿಹಾಸಕಾರರಿಗೆ ಈ ಸಮಸ್ಯೆ ಹೊಸದೂ ಅಲ್ಲ. ಭೂಮಿಯ ಹಕ್ಕನ್ನು ಸಾಧಿಸಲು ಹಿಂದಿನವರು ಕೂಟಶಾಸನಗಳನ್ನು ಸೃಷ್ಟಿಸಿದರು. ಅವುಗಳಲ್ಲಿ ರಾಜವಂಶಾವಳಿ ಇರುತ್ತದೆ, ಬಿರುದಾವಳಿ ಇರುತ್ತದೆ, ಮುದ್ರೆಯೂ ಇರುತ್ತದೆ. ಸಾಚಾ ಶಾಸನದಲ್ಲಿ ಏನೇನು ಇರಬೇಕೋ ಅದೆಲ್ಲವೂ ಇರುತ್ತದೆ. ಜೆ.ಎಫ್. ಫ್ಲೀಟ್ ಅವರು ಲಿಪಿಯ ಸ್ವರೂಪ, ತಿಥಿವಾರಗಳ ಹೊಂದಾಣಿಕೆ, ಅರಸರ ಕಾಲ ಇವುಗಳನ್ನು ಒರೆಗೆ ಹಚ್ಚಿ ಗಂಗರ ಅನೇಕ ತಾಮ್ರಪಟಗಳನ್ನು ಕೂಟವೆಂದು ತಳ್ಳಿಹಾಕಿದರು. ಬಿ.ಎಲ್. ರೈಸ್ ಅವರು ಆ ತೀರ್ಮಾನವನ್ನು ಒಪ್ಪಲಿಲ್ಲ. ಮುಂದಿನ ವಿದ್ವಾಂಸರು ಒಂದೊಂದು ಪಟವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿ ಕೆಲವನ್ನು ಸಾಚಾ ಎಂದು ಒಪ್ಪಿದರು, ಕೆಲವನ್ನು ಬಿಟ್ಟರು. ಈ ಚರ್ಚೆಯ ಪಾಠ ಇಂದಿಗೂ ಸಲ್ಲುತ್ತದೆ. ಮುದ್ರೆಯನ್ನು ನೋಡಿ ಮರುಳಾಗುವುದೂ ತಪ್ಪು. ಸಾರಾಸಗಟಾಗಿ ಸಂಶಯಿಸುವುದೂ ತಪ್ಪು. ಇಂದಿನ ಕೂಟಪತ್ರಿಕೆಯ ಮುದ್ರೆ ಐಎಸ್‌ಎಸ್‌ಎನ್ ಸಂಖ್ಯೆ. ಅದರ ಬಿರುದಾವಳಿ ‘ಇಂಪ್ಯಾಕ್ಟ್ ಫ್ಯಾಕ್ಟರ್’. ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕವೊಂದನ್ನು ಗುರುತಿಸುವ ಎಂಟು ಸ್ಥಾನಗಳ ಸಂಖ್ಯೆ. ಗುಣದ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರನ್ನು ವರ್ಷವರ್ಷ ಲೆಕ್ಕಹಾಕಿ ಪ್ರಕಟಿಸುವುದು ಕ್ಲಾರಿವೇಟ್ ಸಂಸ್ಥೆ. ಬೇರೆ ಬೇರೆ ಹೆಸರಿನ ಸಂಸ್ಥೆಗಳು ಕೊಡುವ ಅದೇ ಬಗೆಯ ಅಂಕಿಗಳು ಶಾಸನದ ಕೊನೆಯಲ್ಲಿ ಅನ್ಯರು ಕೆತ್ತಿದ ಸಾಲುಗಳಂತೆ.

ಇಲ್ಲಿ ಇನ್ನೊಂದು ತಪ್ಪು ಕಲ್ಪನೆಯನ್ನು ಖಂಡಿಸದೆ ಮುಂದುವರಿಯುವಂತಿಲ್ಲ. ಕೂಟಪತ್ರಿಕೆಗಳ ಕಾಟದಿಂದ ಬೇಸತ್ತ ಹಿರಿಯರಲ್ಲಿ ಹಲವರು ‘ಓಪನ್ ಆಕ್ಸೆಸ್’ ಎಂದು ಕರೆಯುವ ಮುಕ್ತಪ್ರವೇಶ ಪತ್ರಿಕೆಗಳನ್ನೇ ಅನುಮಾನದಿಂದ ನೋಡುತ್ತಾರೆ; ಜಾಲತಾಣದಲ್ಲಿ ಉಚಿತವಾಗಿ ದೊರೆಯುವುದೆಲ್ಲ ಹಗುರವೆಂದೂ ಕಾಗದದ ಮೇಲೆ ಅಚ್ಚಾದದ್ದು ಘನವೆಂದೂ ಬಗೆಯುತ್ತಾರೆ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಉದ್ದೇಶಪೂರ್ವಕವಾಗಿ ದೋಷಗಳನ್ನು ತುಂಬಿದ ಹುಸಿ ಲೇಖನವನ್ನು 304 ಮುಕ್ತಪ್ರವೇಶ ಪತ್ರಿಕೆಗಳಿಗೆ ಕಳುಹಿಸಿದಾಗ 157 ಪತ್ರಿಕೆಗಳು ಅದನ್ನು ಒಪ್ಪಿಕೊಂಡವು. ಈ ಪ್ರಸಂಗವನ್ನು ಮುಕ್ತಪ್ರವೇಶದ ವಿರುದ್ಧ ಉದಾಹರಿಸುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಅದೇ ಪರೀಕ್ಷೆಯಲ್ಲಿ 98 ಪತ್ರಿಕೆಗಳು ಲೇಖನವನ್ನು ತಿರಸ್ಕರಿಸಿದವು. ಮುಕ್ತಪ್ರವೇಶದ ಪ್ರಸಿದ್ಧ ಪತ್ರಿಕೆಯಾದ ‘ಪ್ಲಾಸ್ ಒನ್’ ಅವುಗಳಲ್ಲೊಂದು. ಚಂದಾ ಪತ್ರಿಕೆಗಳಿಗೆ ಆತ ಲೇಖನವನ್ನು ಕಳುಹಿಸಲೇ ಇಲ್ಲ. ಆದ್ದರಿಂದ ಅವು ಮೇಲೆಂದು ಹೇಳಲು ಆ ಪರೀಕ್ಷೆಯಲ್ಲಿ ಆಧಾರವಿಲ್ಲ. ಬಾಗಿಲು ತೆರೆದಿರುವುದು ದೋಷವಲ್ಲ, ಒಳಗೆ ಯಜಮಾನನಿಲ್ಲದಿರುವುದು ದೋಷ.

ಜ್ಞಾನವನ್ನು ತೆರೆದಿಡುವುದು ಈ ನಾಡಿಗೆ ಹೊರಗಿನಿಂದ ಬಂದ ಆದರ್ಶವೂ ಅಲ್ಲ. ಮುಕ್ತಪ್ರವೇಶದ ಘೋಷಣೆ ಬುಡಾಪೆಸ್ಟಿನಲ್ಲಿ ರೂಪುಗೊಂಡು ಪ್ರಕಟವಾದದ್ದು 2002ರಲ್ಲಿ. ಅದಕ್ಕೆ ಸಾವಿರ ವರ್ಷಗಳ ಹಿಂದೆಯೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯದ ಪ್ರತಿ ವಿದ್ಯಾರ್ಥಿಗೂ ತಿಳಿದ ಸಂಗತಿ. ಇದಕ್ಕೆ ವಿರುದ್ಧವಾದ ನಿದರ್ಶನವೂ ಇಲ್ಲಿಯೇ ಇದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲ ಗ್ರಂಥಗಳ ಓಲೆಪ್ರತಿಗಳು ಶತಮಾನಗಳ ಕಾಲ ದರ್ಶನಕ್ಕೆ ಒದಗಿದವೇ ಹೊರತು ಅಧ್ಯಯನಕ್ಕೆ ಒದಗಲಿಲ್ಲ. ಅವುಗಳ ನಕಲುಗಳು ಹೊರಬಂದು, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಸಂಪುಟಗಳು ಅಚ್ಚಾಗತೊಡಗಿದ ಮೇಲಷ್ಟೇ ಆ ಆಗಮಸಾಹಿತ್ಯದ ವಿಮರ್ಶಾತ್ಮಕ ಅಧ್ಯಯನಕ್ಕೆ ದಾರಿಯಾಯಿತು. ಆ ಸಂಪಾದಕರು ಕೈಗೆ ಸಿಕ್ಕ ನಕಲನ್ನು ಹಾಗೆಯೇ ಅಚ್ಚುಹಾಕಲಿಲ್ಲ. ಪಾಠಗಳನ್ನು ಹೋಲಿಸಿದರು, ಸಂದೇಹವಿದ್ದೆಡೆ ಸೂಚಿಸಿದರು, ಮುಂದಿನ ಸಂಪುಟಗಳಲ್ಲಿ ಹಿಂದಿನದನ್ನು ತಿದ್ದಿದರು. ತೆರೆದಿಡುವುದು ಮತ್ತು ತಿದ್ದುವುದು ಎಂಬ ಈ ಎರಡು ಕೆಲಸಗಳೂ ಕೂಡಿದಾಗ ಮಾತ್ರ ಪತ್ರಿಕೆ ಪತ್ರಿಕೆಯಾಗುತ್ತದೆ. ಮೊದಲನೆಯದು ಮಾತ್ರ ಇದ್ದರೆ ಸಂತೆ. ಎರಡನೆಯದು ಮಾತ್ರ ಇದ್ದರೆ ಬೀಗ ಹಾಕಿದ ಭಂಡಾರ.

ಹಾಗಾದರೆ ಸಂಶೋಧಕ ಏನನ್ನು ನೋಡಬೇಕು? ಮೊದಲನೆಯದಾಗಿ, ಸಂಪಾದಕರನ್ನು. ಅವರ ಹೆಸರು, ಸಂಸ್ಥೆ, ಪ್ರಕಟಿತ ಕೃತಿಗಳು ಪತ್ರಿಕೆಯ ಹೊರಗೂ ಸಿಗಬೇಕು. ಹೆಸರಿರುವವರಿಗೆ ಒಂದು ಪತ್ರ ಬರೆದು, ಅವರು ನಿಜವಾಗಿಯೂ ಆ ಮಂಡಳಿಯಲ್ಲಿದ್ದಾರೆಯೇ ಎಂದು ಕೇಳುವುದರಲ್ಲಿ ಯಾವ ಅವಿನಯವೂ ಇಲ್ಲ. ಒಪ್ಪಿಗೆಯಿಲ್ಲದೆ ವಿದ್ವಾಂಸರ ಹೆಸರು ಹಾಕಿಕೊಳ್ಳುವುದು ಈ ವ್ಯಾಪಾರದ ಹಳೆಯ ಕ್ರಮ. ಎರಡನೆಯದಾಗಿ, ಹಳೆಯ ಸಂಚಿಕೆಗಳನ್ನು. ತನ್ನ ವಿಷಯಕ್ಕೆ ಹತ್ತಿರವಾದ ಮೂರು ಲೇಖನಗಳನ್ನು ಪೂರ್ತಿ ಓದಬೇಕು. ಉದ್ಧೃತ ಪದ್ಯಗಳಲ್ಲಿ ಅಕ್ಷರದೋಷ, ಮೂಲದ ಉಲ್ಲೇಖದಲ್ಲಿ ಅಸ್ಪಷ್ಟತೆ, ಹಳೆಯ ಪುಸ್ತಕದಿಂದ ಎತ್ತಿದ ಪುಟಗಳು ಕಂಡರೆ ಅಲ್ಲಿ ಯಾರೂ ಪರಿಶೀಲಿಸಿಲ್ಲವೆಂದು ತಿಳಿಯಬೇಕು. ಮೂರನೆಯದಾಗಿ, ಸ್ವೀಕೃತಿಗೆ ಹಿಡಿಯುವ ಕಾಲವನ್ನು. ಲೇಖನ ತಲುಪಿದ ಎರಡು ದಿನಗಳಲ್ಲಿ, ಒಂದು ಪ್ರಶ್ನೆಯನ್ನೂ ಎತ್ತದೆ, ಒಂದು ತಿದ್ದುಪಡಿಯನ್ನೂ ಕೇಳದೆ ಬರುವ ಸ್ವೀಕೃತಿಪತ್ರ ಅಭಿನಂದನೆಯಲ್ಲ; ಅದು ಬೆಲೆಚೀಟಿ.

ನಾಲ್ಕನೆಯದಾಗಿ, ಹಣವನ್ನು. ಮುಕ್ತಪ್ರವೇಶ ಪತ್ರಿಕೆಗಳಲ್ಲಿ ಲೇಖಕರಿಂದ ಶುಲ್ಕ ಪಡೆಯುವವೂ ಇವೆ, ಲೇಖಕರಿಂದಲೂ ಓದುಗರಿಂದಲೂ ಏನನ್ನೂ ಪಡೆಯದವೂ ಇವೆ. ಶುಲ್ಕವೊಂದೇ ವಂಚನೆಯ ಲಕ್ಷಣವಲ್ಲ. ಅದನ್ನು ಮೊದಲೇ ಸ್ಪಷ್ಟವಾಗಿ ಹೇಳದಿರುವುದು, ಸ್ವೀಕೃತಿಯ ನಂತರ ಏರಿಸುವುದು, ಲೇಖನ ಹಿಂದಕ್ಕೆ ಪಡೆಯಲೂ ಹಣ ಕೇಳುವುದು ವಂಚನೆಯ ಲಕ್ಷಣ. ಆದರೆ ಪ್ರಯೋಗಾಲಯವಿಲ್ಲದ, ಧನಸಹಾಯವಿಲ್ಲದ ಕನ್ನಡ ಸಂಶೋಧಕನಿಂದ ಪ್ರಕಟಣೆಗಾಗಿ ಹಣ ಕೇಳುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ. ಐದನೆಯದಾಗಿ, ಡಿಒಎಜೆ ಎಂದು ಪ್ರಸಿದ್ಧವಾದ ಮುಕ್ತಪ್ರವೇಶ ಪತ್ರಿಕೆಗಳ ನಿರ್ದೇಶಿಕೆಯನ್ನು. 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಅದು ತನ್ನ ಮಾನದಂಡಗಳನ್ನು ಬಿಗಿಗೊಳಿಸಿ, ಹೊಸದಾಗಿ ಅರ್ಜಿ ಸಲ್ಲಿಸದ ಮೂರು ಸಾವಿರಕ್ಕೂ ಹೆಚ್ಚು ಪತ್ರಿಕೆಗಳನ್ನು 2016ರಲ್ಲಿ ಕೈಬಿಟ್ಟಿತು. ನಕಲಿ ತಾಣಗಳ ಕಾಟವಿರುವುದರಿಂದ ನಿರ್ದೇಶಿಕೆಯಲ್ಲಿರುವ ಕೊಂಡಿಯ ಮೂಲಕವೇ ಪತ್ರಿಕೆಯನ್ನು ತಲುಪಬೇಕು. ಸಂದೇಶದಲ್ಲಿ ಬಂದ ಕೊಂಡಿಯನ್ನು ನಂಬಬಾರದು. ಅಲ್ಲಿ ಹೆಸರಿಲ್ಲದ ಕನ್ನಡ ಪತ್ರಿಕೆ ಕೂಟವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆಗ ಮೊದಲ ಮೂರು ಪರೀಕ್ಷೆಗಳೇ ಪ್ರಮಾಣ.

ಆರನೆಯ ಪರೀಕ್ಷೆ ಕನ್ನಡಕ್ಕೇ ವಿಶಿಷ್ಟವಾದದ್ದು. ಪತ್ರಿಕೆಯ ಪಿಡಿಎಫ್ ಪ್ರತಿಯಿಂದ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಬೇಕು. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಜೋಡಿಸಿದ ಪಠ್ಯವಾಗಿದ್ದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಗೋಜಲು ಬರುತ್ತದೆ. ಅಂಥ ಲೇಖನವನ್ನು ಯಾವ ಶೋಧಯಂತ್ರವೂ ಕನ್ನಡವೆಂದು ಗುರುತಿಸದು. ‘ವಡ್ಡಾರಾಧನೆ’ ಎಂದು ಹುಡುಕುವವನಿಗೆ ವಡ್ಡಾರಾಧನೆಯ ಮೇಲಿನ ಆ ಲೇಖನ ಎಂದೂ ಸಿಗದು. ಹೆಸರಿಗೆ ಮುಕ್ತಪ್ರವೇಶ, ವಾಸ್ತವದಲ್ಲಿ ಅಜ್ಞಾತವಾಸ. ಯೂನಿಕೋಡ್ ಪಠ್ಯ, ಲೇಖಕನ ಹಕ್ಕಿನ ಸ್ಪಷ್ಟ ಉಲ್ಲೇಖ, ತಾಣ ಮುಚ್ಚಿದರೂ ಲೇಖನ ಉಳಿಯುವ ಸಂಗ್ರಹವ್ಯವಸ್ಥೆ ಈ ಮೂರೂ ಇಲ್ಲದ ಪತ್ರಿಕೆಯನ್ನು ನಂಬಿ ಹತ್ತು ವರ್ಷಗಳ ಕ್ಷೇತ್ರಕಾರ್ಯವನ್ನು ಒಪ್ಪಿಸುವುದು ಅವಿವೇಕ. ಜಾಲತಾಣದ ವಾರ್ಷಿಕ ಶುಲ್ಕ ಕಟ್ಟುವವರಿಲ್ಲದ ದಿನ ಆ ಪತ್ರಿಕೆ ಶಾಸನದ ಕಲ್ಲಿನಂತೆ ಹೊಲದ ಬದುವಿನಲ್ಲಾದರೂ ಉಳಿಯುವುದಿಲ್ಲ.

ಇದಕ್ಕೆ ಬರುವ ಆಕ್ಷೇಪ ಗಂಭೀರವಾದದ್ದು. ವರ್ಷದಿಂದ ವರ್ಷಕ್ಕೆ ನೇಮಕದ ಅನಿಶ್ಚಿತತೆಯಲ್ಲಿ ಬದುಕುವ ಅತಿಥಿ ಉಪನ್ಯಾಸಕನಿಗೆ ಅಂಕ ಬೇಕು. ಒಳ್ಳೆಯ ಪತ್ರಿಕೆಯ ಉತ್ತರಕ್ಕಾಗಿ ಒಂದು ವರ್ಷ ಕಾಯುವ ಐಷಾರಾಮ ಅವನಿಗಿಲ್ಲ. ಕಾಯಂ ಹುದ್ದೆಯಲ್ಲಿರುವವರು ಉಪದೇಶಿಸುವುದು ಸುಲಭ ಎಂಬುದು ಆ ಆಕ್ಷೇಪ. ಇದರಲ್ಲಿ ಸತ್ಯವಿದೆ. ಆದ್ದರಿಂದಲೇ ದೋಷದ ಮುಖ್ಯಭಾಗ ಆ ಉಪನ್ಯಾಸಕನದಲ್ಲ. ಲೇಖನದ ಮೊದಲ ಪುಟವನ್ನೂ ತಿರುವಿಹಾಕದೆ ಐಎಸ್‌ಎಸ್‌ಎನ್ ಸಂಖ್ಯೆಗೆ ಟಿಕ್ ಹಾಕುವ ಆಯ್ಕೆ ಸಮಿತಿಯದು. ತನ್ನ ವಿದ್ಯಾರ್ಥಿಗೆ ‘ಎಲ್ಲಾದರೂ ಒಂದು ಹಾಕಿಸಿಬಿಡು’ ಎನ್ನುವ ಮಾರ್ಗದರ್ಶಕನದು. ನ್ಯಾಕ್ ತಂಡ ಬರುವ ಹೊತ್ತಿಗೆ ಪ್ರಕಟಣೆಗಳ ಸಂಖ್ಯೆಯನ್ನು ಹಿಗ್ಗಿಸಲು ಅವಸರಪಡುವ ಕಾಲೇಜಿನದು. 2022ರ ನಿಯಮಾವಳಿ ಪಿಎಚ್.ಡಿ.ಗೆ ಮೊದಲಿನ ಪ್ರಕಟಣೆಯ ಕಡ್ಡಾಯವನ್ನು ತೆಗೆದುಹಾಕಿದ ಮೇಲೂ ವಿದ್ಯಾರ್ಥಿಗಳನ್ನು ಅವಸರದ ಪ್ರಕಟಣೆಗೆ ದೂಡುವ ಮಾರ್ಗದರ್ಶಕರಿಗೆ ಈಗ ನಿಯಮದ ನೆಪವೂ ಉಳಿದಿಲ್ಲ. ಅಭ್ಯರ್ಥಿ ಸಲ್ಲಿಸಿದ ಹತ್ತು ಲೇಖನಗಳಲ್ಲಿ ಒಂದನ್ನು ಸಮಿತಿ ಪೂರ್ತಿ ಓದಿ, ಅದರ ಮೇಲೆ ಹದಿನೈದು ನಿಮಿಷ ಪ್ರಶ್ನಿಸಿದರೆ ಕೂಟಪತ್ರಿಕೆಗಳ ಅಂಗಡಿಗಳು ತಾವಾಗಿ ಮುಚ್ಚುತ್ತವೆ. ಓದುವವರಿದ್ದಾರೆಂಬ ಭಯದಷ್ಟು ಪರಿಣಾಮಕಾರಿಯಾದ ನಿಯಮ ಬೇರೊಂದಿಲ್ಲ.

ಒಳ್ಳೆಯ ಕನ್ನಡ ಪತ್ರಿಕೆಗಳು ಎಲ್ಲಿವೆ ಎಂಬುದು ಮುಂದಿನ ಪ್ರಶ್ನೆ. ಉತ್ತರವನ್ನು ಹಿಂದಿನವರು ಕೊಟ್ಟಿದ್ದಾರೆ. 1915ರಲ್ಲಿ ಸ್ಥಾಪನೆಯಾದ ಸಾಹಿತ್ಯ ಪರಿಷತ್ತು ತನ್ನ ಪತ್ರಿಕೆಯನ್ನು ಹೊರಡಿಸಿತು. ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿದರು. ಆ ಪತ್ರಿಕೆಗಳಿಗೆ ಯಾವ ಆಯೋಗದ ಅಂಗೀಕಾರವೂ ಇರಲಿಲ್ಲ; ಓದಿ ತಿದ್ದುವ ಸಂಪಾದಕರಿದ್ದರು, ಓದಿ ಆಕ್ಷೇಪಿಸುವ ಓದುಗರಿದ್ದರು. ಆಕ್ಷೇಪಕ್ಕೆ ಉತ್ತರವೂ ಅಚ್ಚಾಗುತ್ತಿತ್ತು. ಇಂದು ಕನ್ನಡ ವಿಭಾಗಗಳು ಮಾಡಬೇಕಾದದ್ದು ಆ ಕ್ರಮವನ್ನೇ ಜಾಲಕ್ಕೆ ತರುವುದು. ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಲೇಖನ ಸಲ್ಲಿಕೆಯಿಂದ ಪರಿಶೀಲನೆಯವರೆಗಿನ ಎಲ್ಲ ಹಂತಗಳನ್ನೂ ಅದು ನಿರ್ವಹಿಸಬಲ್ಲದು. ಬೇಕಾಗಿರುವುದು ವರ್ಷಕ್ಕೆ ನಾಲ್ಕಾರು ಲೇಖನಗಳನ್ನು ಸಂಭಾವನೆಯಿಲ್ಲದೆ ಎಚ್ಚರದಿಂದ ಓದಿಕೊಡುವ ಇಪ್ಪತ್ತು ವಿದ್ವಾಂಸರು. ನಿವೃತ್ತ ಪ್ರಾಧ್ಯಾಪಕರು ಇಷ್ಟೊಂದು ಸಂಖ್ಯೆಯಲ್ಲಿ ನೆಲೆಸಿರುವ ದಕ್ಷಿಣ ಬೆಂಗಳೂರಿನಲ್ಲಿ ಇಪ್ಪತ್ತು ಮಂದಿ ಸಿಗುವುದಿಲ್ಲವೆಂದರೆ ನಂಬುವುದು ಕಷ್ಟ. ಎನ್.ಆರ್. ಕಾಲೊನಿಯಲ್ಲಿ ಡಿ.ವಿ.ಜಿ. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ, ಎಂ.ವಿ. ಸೀತಾರಾಮಯ್ಯನವರು ಕಟ್ಟಿದ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನವಿದೆ, ಅದರ ಗ್ರಂಥಾಲಯವೂ ಹಸ್ತಪ್ರತಿ ಭಂಡಾರವೂ ಇವೆ. ಜಯನಗರದಿಂದ ಒಂದು ಬಸ್ಸಿನ ದೂರದಲ್ಲಿ ಮೂಲಸಾಮಗ್ರಿಯೂ ಅದನ್ನು ಓದಬಲ್ಲ ಹಿರಿಯರೂ ಇರುವಾಗ, ವಿಳಾಸವೇ ತಿಳಿಯದ ಊರಿನ ಪತ್ರಿಕೆಗೆ ಹಣ ಕಟ್ಟಿ ‘ಅಂತಾರಾಷ್ಟ್ರೀಯ’ರಾಗುವ ಹಂಬಲಕ್ಕೆ ಏನೆನ್ನಬೇಕು?

ಕೇಂದ್ರ ಸರ್ಕಾರವು 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳು ಮೀಸಲಾಗಿವೆ. ಸುಮಾರು 13,000 ಅಂತಾರಾಷ್ಟ್ರೀಯ ಪತ್ರಿಕೆಗಳು ಅದರಿಂದ ದೊರೆಯುತ್ತವೆ. ಓದುವುದಕ್ಕೆ ಇದು ಉಪಕಾರವೇ. ಆದರೆ ಕನ್ನಡ ಸಂಶೋಧನೆಯ ಹಳೆಯ ಸಂಚಿಕೆಗಳನ್ನು ಯೂನಿಕೋಡಿಗೆ ತಂದು ತೆರೆದಿಡುವ ಕೆಲಸವನ್ನು ದೆಹಲಿ ಮಾಡಿಕೊಡುವುದಿಲ್ಲ. ಅದನ್ನು ಇಲ್ಲಿನ ವಿಶ್ವವಿದ್ಯಾಲಯಗಳೇ ಮಾಡಬೇಕು.

ಪತ್ರಿಕೆಯ ಆಯ್ಕೆ ಅಂಕಕ್ಕಿಂತ ದೊಡ್ಡ ಪ್ರಶ್ನೆ ಏಕೆಂಬುದನ್ನು ಶ್ರವಣಬೆಳಗೊಳದ ಶಾಸನಗಳ ಪ್ರಕಟಣೆಯೇ ಹೇಳುತ್ತದೆ. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅವು 500 ಆದವು. 1973ರ ಆವೃತ್ತಿಯಲ್ಲಿ 573 ಆದವು. ರೈಸ್ ಅವರ ಓದು ಎಲ್ಲರ ಕಣ್ಣೆದುರಿಗೆ ಇದ್ದುದರಿಂದ ಮುಂದಿನವರು ಅದನ್ನು ಬೆಳೆಸಿದರು, ತಪ್ಪಿದ್ದೆಡೆ ತಿದ್ದಿದರು. ಯಾರೂ ಓದದ ಪತ್ರಿಕೆಯಲ್ಲಿ ಹುದುಗಿದ ಸರಿಯನ್ನು ಬೆಳೆಸುವವರಿಲ್ಲ, ತಪ್ಪನ್ನು ತಿದ್ದುವವರೂ ಇಲ್ಲ; ಆ ತಪ್ಪು ಒಂದು ಪ್ರಬಂಧದಿಂದ ಇನ್ನೊಂದು ಪ್ರಬಂಧಕ್ಕೆ ಉಲ್ಲೇಖವಾಗಿ ದಾಟಿ ಕೊನೆಗೆ ಪಠ್ಯಪುಸ್ತಕವನ್ನು ಸೇರುತ್ತದೆ. ಕನ್ನಡದ ಸಂಶೋಧಕ ತನ್ನ ಲೇಖನವನ್ನು ಯಾರ ಕೈಗೆ ಕೊಡುತ್ತಾನೆಂಬುದನ್ನು ಆಯೋಗದ ಪಟ್ಟಿ ನಿರ್ಧರಿಸಬೇಕಾಗಿಲ್ಲ. ತನ್ನ ತಪ್ಪನ್ನು ಹಿಡಿಯಬಲ್ಲವರು ಎಲ್ಲಿದ್ದಾರೋ ಅಲ್ಲಿಗೆ ಕಳುಹಿಸುವ ಧೈರ್ಯ ಅವನಿಗಿದ್ದರೆ ಸಾಕು.